ಭಟ್ಟಿಯಲ್ಲಿ ಗಾಜಿನ ಎರಕ: ಮೊದಲ ಅಚ್ಚಿಗೆ ಯಾವ ಪುಡಿ, ಎಷ್ಟು ನೀರು, ಎಷ್ಟು ಒಣಗಬೇಕು?

ಲಕ್ಕುಂಡಿ_ತಾವರೆ (ಗದಗ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಹಳೇ ಗುಡಿಗಳ ಕೆತ್ತನೆಯ ಮಾದರಿಯಲ್ಲಿ ಒಂದು ತಾವರೆಯನ್ನು ಗಾಜಿನಲ್ಲಿ ಎರಕ ಹೊಯ್ಯಬೇಕೆಂದಿದ್ದೇನೆ. 12 ಸೆಂ.ಮೀ. ಚೌಕ, 2 ಸೆಂ.ಮೀ. ದಪ್ಪದ ಬಿಲ್ಲೆ, ಮೇಲ್ಮುಖದಲ್ಲಿ ಉಬ್ಬು ಕೆತ್ತನೆ. ಮಣ್ಣಿನ ಕೆಲಸಕ್ಕೆ ಬಳಸುವ ಕರೆಂಟಿನ ಭಟ್ಟಿ ಇದೆ, ಒಳಗಿನ ಅಳತೆ 30 ಸೆಂ.ಮೀ., ಕಾವನ್ನು ಬೇಕಾದ ವೇಗದಲ್ಲಿ ಏರಿಸಿ, ಇಳಿಸಿ, ಹಿಡಿದಿಡುವ ರಾಂಪ್-ಸೋಕ್ ಕಂಟ್ರೋಲರ್ ಕೂಡ ಇದೆ. ಕೇಳಬೇಕಾದ್ದು ಮೂರು. ಅಚ್ಚಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಒಂದೇ ಸಾಕೆ? ಗಾಜಿನಂಗಡಿಯ ಕಟಿಂಗ್ ಚೂರು ನಡೆಯುತ್ತದೆಯೆ? ಬಣ್ಣಕ್ಕೆ ಬಳೆ ಚೂರು ಬೆರೆಸಬಹುದೆ?

ಭಟ್ಟಿ_ಧಾರವಾಡ

ಪಿಒಪಿ ಒಂದೇ ಸಾಲದು. ಗಟ್ಟಿಯಾದ ಪ್ಲಾಸ್ಟರ್ ತನ್ನೊಳಗೆ ನೀರನ್ನು ಕಟ್ಟಿಕೊಂಡಿರುತ್ತದೆ. ಕಾಸಿದಾಗ, ಸುಮಾರು 120ರಿಂದ 180 ಡಿಗ್ರಿಯೊಳಗೆ (ಇಲ್ಲಿ ಎಲ್ಲವೂ ಸೆಲ್ಸಿಯಸ್), ಆ ನೀರು ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಪ್ಲಾಸ್ಟರ್ ಕುಗ್ಗುತ್ತ, ಬಿರಿಯುತ್ತ ಹೋಗುತ್ತದೆ. ಅದರ ಕೆಲಸ ಅಂಟಿನದು ಮಾತ್ರ. ಕಾವು ತಡೆದು ಆಕಾರ ಹಿಡಿದು ನಿಲ್ಲುವುದು ಸಿಲಿಕಾ. ಹೊಸಬರಿಗೆ ನಂಬಿಕೆಯ ಅಳತೆ ಎಂದರೆ ಪ್ಲಾಸ್ಟರ್ ಒಂದು ಪಾಲು, 200 ಮೆಶ್ (ಹಿಟ್ಟಿನಷ್ಟು ನುಣ್ಣನೆಯ) ಸಿಲಿಕಾ ಪುಡಿ ಒಂದು ಪಾಲು, ನೀರು ಒಂದು ಪಾಲು. ಮೂರೂ ತೂಕದಲ್ಲಿ. ಬಟ್ಟಲಿನಲ್ಲಿ ಅಳೆಯಬೇಡಿ. ಸಡಿಲ ಪ್ಲಾಸ್ಟರ್ ಬಟ್ಟಲಿಗೂ ಕುಟ್ಟಿ ತುಂಬಿದ ಬಟ್ಟಲಿಗೂ ತೂಕದಲ್ಲಿ ದೊಡ್ಡ ಅಂತರ ಬರುತ್ತದೆ. 1 ಗ್ರಾಂವರೆಗೆ ತೋರಿಸುವ, 5 ಕೆ.ಜಿ. ತಡೆಯುವ ಅಡುಗೆಮನೆ ತಕ್ಕಡಿ ಈ ಕೆಲಸದ ಮೊದಲ ಉಪಕರಣ. ಭಟ್ಟಿ ಆಮೇಲೆ.

ನಿಮ್ಮ ಬಿಲ್ಲೆಗೆ ಎಷ್ಟು ಬೇಕೆಂದು ಲೆಕ್ಕ ಹಾಕೋಣ. ಬಿಲ್ಲೆ 2 ಸೆಂ.ಮೀ. ಎತ್ತರ. ಗಾಜಿನ ಚೂರು ತುಂಬಲು ಅದರ ಬೆನ್ನಿಗೆ ಇನ್ನೂ 2 ಸೆಂ.ಮೀ. ಜಾಗ ಬೇಕು. ಸುತ್ತಲೂ ಅಡಿಗೂ ಗೋಡೆ ಎರಡೂವರೆ ಸೆಂ.ಮೀ. ಅಂದರೆ ಅಚ್ಚಿನ ಪೆಟ್ಟಿಗೆ ಒಳಗೆ 17 × 17, ಎತ್ತರ 6.5 ಸೆಂ.ಮೀ. ಒಟ್ಟು ಸುಮಾರು 1,880 ಮಿ.ಲೀ., ಅದರಲ್ಲಿ ಮಣ್ಣಿನ ಮಾದರಿ ಹಿಡಿಯುವ 576 ಕಳೆದರೆ 1,300 ಉಳಿಯುತ್ತದೆ. 1 ಕೆ.ಜಿ. ನೀರಿಗೆ ತಲಾ 1 ಕೆ.ಜಿ. ಪುಡಿ ಕಲಸಿದರೆ ಹೆಚ್ಚುಕಡಿಮೆ 1.75 ಲೀಟರ್ ಹದ ಬರುತ್ತದೆ. ಹಾಗಾಗಿ 1,300ನ್ನು 1.75ರಿಂದ ಭಾಗಿಸಿ: ಸುಮಾರು 745 ಗ್ರಾಂ. ಪಾತ್ರೆಗೆ ಅಂಟಿ ಉಳಿಯುವುದು ಸೇರಿಸಿ ತಲಾ 800 ಗ್ರಾಂ ತೂಗಿ. ಅರ್ಧ ಹೊಯ್ದ ಮೇಲೆ ಸಾಲದೆ ಬಂದು ಇನ್ನೊಮ್ಮೆ ಕಲಸಿ ಹೊಯ್ದರೆ ಎರಡು ಪದರದ ನಡುವೆ ಬಿರುಕು ಹುಟ್ಟುತ್ತದೆ. ಹೆಚ್ಚಾದರೂ ಚಿಂತೆಯಿಲ್ಲ, ಕಡಿಮೆ ಆಗಬಾರದು.

ಎರಕ_ಗೋಕುಲರಸ್ತೆ (ಹುಬ್ಬಳ್ಳಿ)

ಮ್ಯಾಲಿನ ಲೆಕ್ಕ ಬರೋಬ್ಬರಿ ಐತ್ರಿ. ಸಾಮಾನು ತರೋದರ ಬಗ್ಗೆ ಎರಡು ಮಾತು.

ಪ್ಲಾಸ್ಟರ್: ಛತ್ತಿನ ಕೆಲಸಕ್ಕ ಮಾರೋ ಪಿಒಪಿ ಚೀಲ ಅಗ್ಗ, ಆದ್ರ ಕೆಲವು ಭಾಳ ಜಲ್ದಿ ಬಿಗೀತಾವ. ಮಡಿಕೆ ಕೆಲಸದವರು ಬಳಸೋ ಪಾಟರಿ ಪ್ಲಾಸ್ಟರ್ ಸಿಕ್ರ ಅದನ್ನ ತಗೋರಿ. ಯಾವುದೇ ಚೀಲ ಇರ್ಲಿ, ಮೊದಲ 100 ಗ್ರಾಂ ಪ್ಲಾಸ್ಟರ್ 70 ಗ್ರಾಂ ನೀರಾಗ ಕಲಸಿ ಒಂದು ಕಪ್ಪಿನ್ಯಾಗ ಬಿಡ್ರಿ. ಅರ್ಧ ತಾಸಿನೊಳಗ ಬಿಸಿ ಆಗಿ ಉಗುರು ಊರದಂಗ ಗಟ್ಟಿ ಆಗಬೇಕು. ಆಗಲಿಲ್ಲಂದ್ರ ಅದು ಗಾಳಿಯೊಳಗಿನ ಹಸಿ ಕುಡದು ಸತ್ತ ಪ್ಲಾಸ್ಟರ್. ಧಾರವಾಡದ ಜಿಟಿಜಿಟಿ ಮಳಿಯೊಳಗ ಬಾಯಿ ಬಿಚ್ಚಿದ ಚೀಲ ಒಂದೆರಡು ತಿಂಗಳೂ ತಡಿಯಂಗಿಲ್ಲ. ಮುಚ್ಚಳ ಬಿಗಿ ಇರೋ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡ್ರಿ.

ಸಿಲಿಕಾ: ಬೆಳಗಾವಿ ಕಡೆ ಫೌಂಡ್ರಿ ಭಾಳ ಅದಾವ, ಅವಕ್ಕ ಸಾಮಾನು ಕೊಡೋರ ಹತ್ರ ಸಿಲಿಕಾ ಫ್ಲೋರ್ ಅಂತ ಕೇಳ್ರಿ. ಟೈಲ್ಸ್, ಸಿರಾಮಿಕ್ ಸಾಮಾನಿನವರು ಅದನ್ನ ಕ್ವಾರ್ಟ್ಜ್ ಪುಡಿ ಅಂತಾರ. ಹೊಳಿ ಉಸುಕು ಜರಡಿ ಹಿಡದು ಹಾಕಿದ್ರ ನಡೀತೈತೇನು ಅಂತ ಕೇಳ್ತಾರ. ನಡಿಯಂಗಿಲ್ಲ. ಕಾಳು ದಪ್ಪ, ಗಾಜಿನ ಮೈಮ್ಯಾಲ ಉಸುಕಿನ ಗುರುತು ಬೀಳ್ತೈತಿ, ಅಚ್ಚೂ ಸಡಿಲ ಆಗ್ತೈತಿ.

ಮಣ್ಣಿನ_ಕೈ

ಸಿಲಿಕಾ ಸಿಗದೇ ಹೋದಾಗ ರಂಗೋಲಿ ಪುಡಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ರಂಗೋಲಿ ಪುಡಿ ಒಂದೊಂದು ಕಡೆ ಒಂದೊಂದು ಕಲ್ಲಿನದು. ಅಮೃತಶಿಲೆ ಅಥವಾ ಡಾಲೊಮೈಟ್ ಪುಡಿಯಾಗಿದ್ದರೆ ಗಾಜು ಕರಗುವ ಕಾವಿನಲ್ಲೇ ಅದು ಅನಿಲ ಬಿಡುತ್ತದೆ. ಗಾಜಿನ ತಳವೆಲ್ಲ ಗುಳ್ಳೆ. ಉಳಿದದ್ದು ಸುಟ್ಟ ಸುಣ್ಣ, ತಣಿದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಪರೀಕ್ಷೆ ಸುಲಭ. ಒಂದು ಚಮಚ ಪುಡಿಗೆ ಬಿಸಿ ವಿನೆಗರ್ ನಾಲ್ಕು ಹನಿ ಹಾಕಿ. ನೊರೆ ಎದ್ದರೆ ಸುಣ್ಣದ ಕಲ್ಲು, ಬಿಟ್ಟುಬಿಡಿ. ಅಂಗಡಿಯವರು ಸಿಲಿಕಾ ಎಂದೇ ಕೊಟ್ಟ ಪುಡಿಗೂ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಮಾದರಿಗೆ ಮಣ್ಣು: ಗದಗಿನ ಎರೆಮಣ್ಣು ಕೈಗೆ ಸಿಗುತ್ತದೆಂದು ಅದನ್ನೇ ಹಿಡಿಯಬೇಡಿ. ಒಣಗುತ್ತಲೇ ವಿಪರೀತ ಕುಗ್ಗಿ ಸೀಳುತ್ತದೆ, ಸೂಕ್ಷ್ಮ ಗೆರೆ ನಿಲ್ಲುವುದಿಲ್ಲ. ಕುಂಬಾರರು ಸೋಸಿ ಹದ ಮಾಡಿದ ಮಣ್ಣು ತನ್ನಿ. ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದರಿಂದ ಆ ಭಾಗದಲ್ಲಿ ಒಳ್ಳೆಯ ಮಣ್ಣಿನ ಅರಿವಿರುವವರು ಸಿಗುತ್ತಾರೆ. ಮಾದರಿ ಹಸಿಯಾಗಿರುವಾಗಲೇ ಪ್ಲಾಸ್ಟರ್ ಹೊಯ್ಯಬೇಕು. ಹಸಿ ಮಣ್ಣಿಗೆ ಎಣ್ಣೆ, ಸಾಬೂನು ಏನೂ ಹಚ್ಚಬೇಕಿಲ್ಲ, ತಾನೇ ಬಿಡುತ್ತದೆ. ಒಣಗಿದ ಮಣ್ಣು ಪ್ಲಾಸ್ಟರಿನ ನೀರು ಹೀರಿ ಮೈಯನ್ನು ಪುಡಿಪುಡಿ ಮಾಡುತ್ತದೆ.

ತಾವರೆ ದಳದ ಅಂಚುಗಳನ್ನು ಒಮ್ಮೆ ನೋಡಿಕೊಳ್ಳಿ. ಅಡಿಯಲ್ಲಿ ಒಳಸರಿದ ದಳ ಇದ್ದರೆ ಅಲ್ಲಿ ಅಚ್ಚಿನ ತೆಳು ತುಟಿಯೊಂದು ಉಂಟಾಗುತ್ತದೆ. ಮಣ್ಣು ತೆಗೆಯುವಾಗಲೋ ಗಾಜು ತುಂಬುವಾಗಲೋ ಅದು ಮುರಿದು ಗಾಜಿನೊಳಗೆ ಬಿಳಿ ತುಣುಕಾಗಿ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಲಸಕ್ಕೆ ದಳದ ಎಲ್ಲ ಬದಿಯೂ ಹೊರಕ್ಕೆ ಇಳಿಜಾರಾಗಿರಲಿ.

ಲಕ್ಕುಂಡಿ_ತಾವರೆ

ರಂಗೋಲಿ ಪುಡಿಯ ಮಾತು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು. ಮಾದರಿಯನ್ನು ಪೆಟ್ಟಿಗೆಯಲ್ಲಿ ಹೇಗೆ ಕೂರಿಸಬೇಕು, ಮುಖ ಮೇಲೋ ಕೆಳಗೋ? ಕಲಸುವ ಕ್ರಮವನ್ನೂ ಯಾರಾದರೂ ಬಿಡಿಸಿ ಹೇಳುತ್ತೀರಾ?

ಭಟ್ಟಿ_ಧಾರವಾಡ

ಮುಖ ಮೇಲೆ. ಲ್ಯಾಮಿನೇಟ್ ಅಂಟಿಸಿದ ಹಲಗೆಯ ಮೇಲೆ ಮೊದಲು 2 ಸೆಂ.ಮೀ. ಎತ್ತರದ ಮಣ್ಣಿನ ದಿಮ್ಮಿ ಇಡಿ. ಅದರ ಅಡಿ 12.5 ಚೌಕ, ಮೇಲಕ್ಕೆ ಬರುತ್ತ 12ಕ್ಕೆ ಇಳಿಯಲಿ. ಅದರ ಮೇಲೆ ತಾವರೆಯ ಬಿಲ್ಲೆ. ಆಮೇಲೆ ನಾಲ್ಕು ಹಲಗೆಯ ಪೆಟ್ಟಿಗೆ ಕಟ್ಟಿ, ಮೂಲೆ ಮತ್ತು ಬುಡದ ಸಂದಿಗೆ ಮಣ್ಣಿನ ಬತ್ತಿ ಒತ್ತಿ ಮುಚ್ಚಿ. ಪೆಟ್ಟಿಗೆಯ ಒಳಮೈಗೆ ಸಾಬೂನು ನೀರು ಸವರಿ. ಪ್ಲಾಸ್ಟರ್ ಗಟ್ಟಿಯಾಗಿ ಮಗುಚಿದಾಗ ದಿಮ್ಮಿ ಇದ್ದ ಜಾಗವೇ ಗಾಜು ತುಂಬುವ ಬಾಯಿ.

ಕಲಸುವ ಮೊದಲು ಎನ್95 ಮಾಸ್ಕ್ ಹಾಕಿ. ಸಿಲಿಕಾದ ನುಣ್ಣನೆಯ ದೂಳು ಪುಪ್ಪುಸದಲ್ಲಿ ಉಳಿದು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯೆಂಬುದಿಲ್ಲ. ಫ್ಯಾನ್ ಆರಿಸಿ. ಚೆಲ್ಲಿದ ಪುಡಿಯನ್ನು ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೈಗೂಸುಗಳಿರುವ ಮನೆಯ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ.

ಎರಡೂ ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ಅಲ್ಲಾಡಿಸಿ ಒಂದು ಮಾಡಿ, ಐದು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ಬಕೆಟ್‌ನಲ್ಲಿ 800 ಗ್ರಾಂ ತಣ್ಣೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿಯಬಾರದು. ಎಲ್ಲ ಉದುರಿಸಿದ ಮೇಲೆ ಎರಡು ನಿಮಿಷ ಮುಟ್ಟದೆ ಬಿಡಿ, ಪುಡಿ ತಾನಾಗಿ ನೆನೆದು ಗಾಳಿ ಬಿಡುತ್ತದೆ. ಆಮೇಲೆ ಕೈಗವಸು ಹಾಕಿ ಅಂಗೈಯನ್ನು ತಳದಲ್ಲೇ ಇಟ್ಟು ಎರಡು ಮೂರು ನಿಮಿಷ ಆಡಿಸಿ. ಕೈ ಮೇಲೆದ್ದು ಮೇಲ್ಮೈ ಕಲಕಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲೆ ಬೆರಳಿನಿಂದ ಎಳೆದ ಗೆರೆ ಒಂದು ಕ್ಷಣ ನಿಂತು ಮಾಯವಾಗುವ ಹದ ಬಂದಾಗ ಹೊಯ್ಯಬೇಕು. ಅದಕ್ಕಿಂತ ತೆಳುವಾಗಿದ್ದಾಗ ಹೊಯ್ದರೆ ಸಿಲಿಕಾ ತಳಕ್ಕಿಳಿದು ಬೇರೆಯಾಗುತ್ತದೆ.

ಮೊದಲು ಮೆತ್ತನೆಯ ಕುಂಚದಿಂದ ದಳಗಳ ಸಂದಿಗೆಲ್ಲ ತೆಳ್ಳಗೆ ಹಚ್ಚಿ. ಉಳಿದದ್ದನ್ನು ಪೆಟ್ಟಿಗೆಯ ಒಂದು ಮೂಲೆಯಿಂದ ಹೊಯ್ಯಿರಿ, ಹದವೇ ಮಾದರಿಯ ಮೇಲೆ ಏರಿ ಬರಲಿ. ಹಲಗೆಯ ಅಂಚನ್ನು ಕೆಳಗಿನಿಂದ ಮೆಲ್ಲಗೆ ಬಡಿದರೆ ಗುಳ್ಳೆ ಮೇಲೆ ಬರುತ್ತವೆ. ಒಂದು ತಾಸಿನ ನಂತರ ಬಿಚ್ಚಿ ಮಗುಚಿ, ಮಣ್ಣನ್ನು ಮರದ ಕಡ್ಡಿಯಿಂದ ತೆಗೆದು, ಮೆತ್ತನೆಯ ಕುಂಚ ಮತ್ತು ನೀರಿನಿಂದ ತೊಳೆಯಿರಿ. ಮಣ್ಣಿನ ಕಲೆ ಉಳಿದರೆ ಗಾಜಿನ ಮೈಗೆ ಅಂಟುತ್ತದೆ.

ಕೈಯನ್ನೋ ಮಕ್ಕಳ ಪಾದವನ್ನೋ ನೇರ ಪ್ಲಾಸ್ಟರಿನಲ್ಲಿ ಊರಿ ಅಚ್ಚು ತೆಗೆಯಲು ಹೋಗಬೇಡಿ. ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ.

ಗಾಜಿನಂಗಡಿ (ಹುಬ್ಬಳ್ಳಿ)

ತಾವರೆ ಅಕ್ಕಾರ, ಕಟಿಂಗ್ ಚೂರು ನಡೀತೈತ್ರಿ, ಆದ್ರ ಕೆಲವು ಕಟ್ಟುನಿಟ್ಟು ಅದಾವ.

ಕಿಡಕಿಗೆ ಹಾಕೋ ಸಾದಾ ಫ್ಲೋಟ್ ಗಾಜು ಅಂದ್ರ ಸೋಡಾ-ಲೈಮ್ ಗಾಜು. ಒಂದ ಹಾಳಿಯಿಂದ ಕತ್ತರಿಸಿದ ಚೂರು ಅಷ್ಟ ಒಂದು ಎರಕಕ್ಕ ಹಾಕ್ರಿ. ಅಂಗಡಿ ಕಸದ ಡಬ್ಬಿಯೊಳಗ ನಾಕು ಕಂಪನಿ ಹಾಳಿ, ಕನ್ನಡಿ, ಬಣ್ಣದ ಗಾಜು ಎಲ್ಲಾ ಕೂಡಿರ್ತಾವ. ಬೇರೆ ಬೇರೆ ಗಾಜು ತಣಿಯುವಾಗ ಬೇರೆ ಬೇರೆ ಪ್ರಮಾಣದಾಗ ಕುಗ್ಗತಾವ, ಒಳಗ ಎಳದಾಟ ಆಗಿ ಅವತ್ತ ಇಲ್ಲಾ ತಿಂಗಳ ಮ್ಯಾಲ ಸೀಳತೈತಿ. ಕನ್ನಡಿ ಬ್ಯಾಡ, ಹಿಂದಿನ ಬಣ್ಣ ಸುಟ್ಟು ಕಪ್ಪಾಗ್ತೈತಿ. ಲ್ಯಾಬಿನ ಬೀಕರ್, ಓವನ್ ಪಾತ್ರಿ ಬ್ಯಾಡ, ಅದು ಬೋರೋಸಿಲಿಕೇಟ್, ಈ ಕಾವಿಗೆ ಕರಗಿ ಹರಿಯಂಗಿಲ್ಲ. ಗಾಡಿಯ ಬಾಜೂ ಗಾಜು ಒಡದ ಕಾಳು ಚೊಲೋ ಸಾಮಾನು, ಕಾಳು ಕಾಳಾಗೇ ಇರ್ತಾವ. ಅಂಚಿನ ಕರಿ ಪಟ್ಟಿ ಇರೋ ತುಣುಕು ಆರಿಸಿ ಬಿಸಾಕ್ರಿ. ಮುಂದಿನ ದೊಡ್ಡ ಗಾಜು ಬ್ಯಾಡ, ಎರಡು ಗಾಜಿನ ನಡುವ ಪ್ಲಾಸ್ಟಿಕ್ ಹಾಳಿ ಇರ್ತೈತಿ.

ದಪ್ಪ ಆದಷ್ಟೂ ಸಾದಾ ಗಾಜು ಹಸರು ಕಾಣ್ತೈತಿ, ಒಳಗಿನ ಕಬ್ಬಿಣದ ಅಂಶ ಅದು. 2 ಸೆಂ.ಮೀ. ತಾವರಿಗೆ ಆ ತಿಳಿ ಹಸರು ಚಂದನ ಕಾಣ್ತೈತಿ. ಬ್ಯಾಡಾದ್ರ ಎಕ್ಸ್‌ಟ್ರಾ ಕ್ಲಿಯರ್ ಅಂತ ಕಬ್ಬಿಣ ಕಡಿಮಿ ಇರೋ ಹಾಳಿ ಕೇಳ್ರಿ, ರೇಟ್ ಜಾಸ್ತಿ.

ಬಳಿ ಚೂರು: ಫಿರೋಜಾಬಾದಿನಿಂದ ಬರೋ ಗಾಜಿನ ಬಳಿನೂ ಸೋಡಾ-ಲೈಮ್ ಜಾತಿನ. ಹಂಗಂತ ಕಿಡಕಿ ಗಾಜಿನ ಜೋಡಿ ಹೊಂದ್ತೈತಿ ಅನ್ನೋಕ ಬರಂಗಿಲ್ಲ. ಬಣ್ಣಕ್ಕ ಹಾಕಿದ ಸಾಮಾನು ಕುಗ್ಗೋ ಪ್ರಮಾಣ ಬದಲ ಮಾಡತೈತಿ. ಮ್ಯಾಲ ಬಳದ ಬಂಗಾರದ ಬಣ್ಣ ಸುಟ್ಟು ಮಸುಕಾಗ್ತೈತಿ. ಪರೀಕ್ಷಾ ಮಾಡದ ಹಾಕಬ್ಯಾಡ್ರಿ.

ಭಟ್ಟಿ_ಧಾರವಾಡ

ಆ ಪರೀಕ್ಷೆ ಹೀಗೆ. ಕೆಟ್ಟ ಎಲ್‌ಸಿಡಿ ಪರದೆಯಿಂದ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ತೆಳು ಪ್ಲಾಸ್ಟಿಕ್) ಸುಲಿದು ಎರಡು ತುಂಡು ಮಾಡಿ. ಒಂದರ ಮೇಲೊಂದಿಟ್ಟು ತಿರುಗಿಸಿದರೆ ಒಂದು ಕೋನದಲ್ಲಿ ಬೆಳಕು ಪೂರ್ತಿ ಕಪ್ಪಾಗುತ್ತದೆ. ಆ ಕೋನದಲ್ಲೇ ಹಿಡಿದು ಹಿಂದೆ ದೀಪವಿಡಿ. ಈಗ 5 × 5 ಸೆಂ.ಮೀ. ಫ್ಲೋಟ್ ತುಂಡಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಬಳೆ ಚೂರು ಇಟ್ಟು ಭಟ್ಟಿಯಲ್ಲಿ 830 ಡಿಗ್ರಿಗೆ ಪೂರ್ತಿ ಕರಗಿಸಿ, 530ರಲ್ಲಿ ಒಂದು ತಾಸು ನಿಲ್ಲಿಸಿ ನಿಧಾನ ಇಳಿಸಿ. ತಣಿದ ತುಂಡನ್ನು ಎರಡು ಹಾಳೆಗಳ ನಡುವೆ ಹಿಡಿಯಿರಿ. ಬಳೆ ಚೂರಿನ ಸುತ್ತ ಬೆಳ್ಳನೆಯ ಪ್ರಭೆ ಹೊಳೆದರೆ ಅಲ್ಲಿ ಒತ್ತಡವಿದೆ, ಆ ಬಣ್ಣ ಬೇಡ. ಏನೂ ಕಾಣದಿದ್ದರೆ ಹೊಂದುತ್ತದೆ. ಪಕ್ಕದಲ್ಲಿ ಚೂರಿಲ್ಲದ ಖಾಲಿ ಫ್ಲೋಟ್ ತುಂಡೊಂದನ್ನೂ ಸುಡಿ. ಅದೇ ಹೊಳೆದರೆ ದೋಷ ಬಳೆಯದ್ದಲ್ಲ, ತಣಿಸಿದ್ದರದ್ದು. ಚಿತ್ರಮಂದಿರದ 3ಡಿ ಕನ್ನಡಕದ ಹಾಳೆ ಇದಕ್ಕೆ ಬೇರೆ ಬಗೆಯದು, ಸರಿಯಾಗಿ ತೋರಿಸುವುದಿಲ್ಲ.

ಬಣ್ಣದ ಎರಕವೇ ಮುಖ್ಯವಾದರೆ ಒಂದಕ್ಕೊಂದು ಹೊಂದುವಂತೆ ತಯಾರಿಸಿದ ಗಾಜು ಕೊಳ್ಳುವುದೇ ದಾರಿ. ಅಮೆರಿಕದ ಬುಲ್ಸ್‌ಐ ಕಂಪನಿಯ ಗಾಜು ಅಂಥದ್ದು. ದುಬಾರಿ. ಅದನ್ನು ಫ್ಲೋಟ್ ಜೊತೆ ಬೆರೆಸುವಂತಿಲ್ಲ.

ಎಷ್ಟು ಗಾಜು: ಬಿಲ್ಲೆಯ ಗಾತ್ರ 288 ಮಿ.ಲೀ., ಸೋಡಾ-ಲೈಮ್ ಗಾಜಿನ ಸಾಂದ್ರತೆ 2.5. ಆದ್ದರಿಂದ 720 ಗ್ರಾಂ, ಹಿಂಭಾಗ ತಿಕ್ಕಿ ಸಮ ಮಾಡಲು 20 ಸೇರಿಸಿ 740. ಕೆತ್ತನೆಯ ತಗ್ಗುಗಳಿಂದ ಗಾತ್ರ ಕಡಿಮೆಯಾಗಿರುತ್ತದೆ. ಖಚಿತ ಬೇಕೆಂದರೆ ತೊಳೆದ ಅಚ್ಚಿನ ತಗ್ಗಿಗೆ ಒಣ ಸಾಸಿವೆಯನ್ನು ಬಿಲ್ಲೆಯ ಮಟ್ಟಕ್ಕೆ ತುಂಬಿ, ಆ ಸಾಸಿವೆಯನ್ನು ಅಳತೆಯ ಲೋಟಕ್ಕೆ ಸುರಿದು ಮಿ.ಲೀ. ಓದಿ, 2.5ರಿಂದ ಗುಣಿಸಿ.

ಚೂರಿನ ಗಾತ್ರವೇ ಪಾರದರ್ಶಕತೆಯನ್ನು ನಿರ್ಧರಿಸುತ್ತದೆ. ರವೆಯಷ್ಟು ನುಣುಪಾದರೆ ಕಾಳುಕಾಳಿನ ನಡುವಿನ ಗಾಳಿ ಸಿಕ್ಕಿ ಹಾಲಿನ ಬಿಳುಪು ಬರುತ್ತದೆ. 2–3 ಸೆಂ.ಮೀ. ತುಂಡಾದರೆ ಗುಳ್ಳೆ ಕಡಿಮೆ. ಗಾಜಿನ ಪಟ್ಟಿಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಪದರದ ನಡುವೆ ಗಾಳಿ ಕೂರುತ್ತದೆ. ಅಂಚಿನ ಮೇಲೆ ನಿಲ್ಲಿಸಿ. ಒಡೆಯುವಾಗ ದಪ್ಪ ತಾಡಪತ್ರಿಯಲ್ಲಿ ಸುತ್ತಿ, ಕಣ್ಣಿಗೆ ಗಾಗಲ್ ಹಾಕಿ ಸುತ್ತಿಗೆ ಹೊಡೆಯಿರಿ, ಆಮೇಲೆ ಅಯಸ್ಕಾಂತ ಆಡಿಸಿ ಕಬ್ಬಿಣದ ಪುಡಿ ತೆಗೆಯಿರಿ. ಸಾಬೂನಿನಲ್ಲಿ ತೊಳೆದು ಬಟ್ಟೆಯ ಮೇಲೆ ಒಣಗಿಸಿ. ಬೆರಳಿನ ಜಿಡ್ಡು ಉಳಿದ ಕಡೆಯೇ ಡಿವಿಟ್ರಿಫಿಕೇಶನ್ ಮೊದಲು ಹತ್ತುವುದು: ಗಾಜು ಮೇಲ್ಮೈಯಲ್ಲಿ ಹರಳುಗಟ್ಟಿ ಮಂಕು ತೊಗಲಿನಂತಾಗುತ್ತದೆ. ಫ್ಲೋಟ್ ಗಾಜಿಗೆ ಈ ಚಟ ಜಾಸ್ತಿ. ನಿಮ್ಮ ಅಚ್ಚಿನಲ್ಲಿ ಮೇಲ್ಮೈ ಎಂದರೆ ಬಿಲ್ಲೆಯ ಬೆನ್ನು, ತಿಕ್ಕಿ ತೆಗೆಯಬಹುದು. ಮುಖ ಅಚ್ಚಿಗೆ ಆನಿಕೊಂಡಿರುತ್ತದೆ.

ಎರಕ_ಗೋಕುಲರಸ್ತೆ

ಅಚ್ಚು ಒಣಗಸೋದು ಯಾರೂ ಹೇಳಿಲ್ಲ. ಹೊಸಬರ ಅಚ್ಚು ಕೆಡೋದು ಹೆಚ್ಚಾಗಿ ಇಲ್ಲೇರಿ.

ಇದಕ್ಕೂ ತಕ್ಕಡಿನ ಉತ್ತರ ಹೇಳತೈತಿ. 800 ಪ್ಲಾಸ್ಟರ್, 800 ಸಿಲಿಕಾ, 800 ನೀರು, ಒಟ್ಟ 2,400 ಗ್ರಾಂ. ಪ್ಲಾಸ್ಟರ್ ಗಟ್ಟಿ ಆಗುವಾಗ ತನ್ನ ತೂಕದ 18.6 ಪ್ರತಿಶತ ನೀರನ್ನ ಕಟ್ಟಿಕೋತೈತಿ, ಅಂದ್ರ 150 ಗ್ರಾಂ. ಉಳಿದ 650 ಗ್ರಾಂ ನೀರು ಬರೇ ತೂತಿನ್ಯಾಗ ಕುಂತಿರ್ತೈತಿ. ಅದೆಲ್ಲಾ ಹೋದಾಗ ಅಚ್ಚಿನ ತೂಕ 1,750ರ ಹತ್ತರ ಬರಬೇಕು. ಹೆಚ್ಚಾದ ಹದ ಬಕೆಟ್‌ನ್ಯಾಗ ಉಳದಿದ್ರ ಅದೇ ಪ್ರಮಾಣ ಹಿಡೀರಿ: ಹಸಿ ತೂಕದ 73 ಪ್ರತಿಶತ. ಬಿಚ್ಚಿದ ಕೂಡ್ಲೇ ತೂಗಿ ಅಚ್ಚಿನ ಬಾಜೂಕ ಪೆನ್ಸಿಲ್‌ಲೇ ಬರೀರಿ, ದಿನಾ ತೂಗ್ರಿ. ಮ್ಯಾಲ ಮುಟ್ಟಿದ್ರ ಒಣಗಿದಂಗ ಅನಸ್ತೈತಿ, ತಕ್ಕಡಿ ಮಾತ್ರ ಇನ್ನೂ 300 ಗ್ರಾಂ ನೀರು ಐತಿ ಅಂತೈತಿ.

ಮಾರ್ಚ್ ಏಪ್ರಿಲ್‌ನ್ಯಾಗ ಗದಗಿನ ಗಾಳಿಗೆ ಜಲ್ದಿ ಒಣಗತೈತಿ. ಜುಲೈ ಆಗಸ್ಟ್‌ನ್ಯಾಗ ಧಾರವಾಡದಾಗ ತೂಕ ಒಂದು ಕಡೆ ನಿಂತಬಿಡತೈತಿ, ಕೆಳಗ ಇಳಿಯಂಗೇ ಇಲ್ಲ. ಆಗ ಇಟ್ಟಂಗಿ ಮ್ಯಾಲ ಎತ್ತರಸಿ ಇಟ್ಟು, ಅಡಿಗೂ ಗಾಳಿ ಆಡೋಹಂಗ ಮಾಡಿ ಟೇಬಲ್ ಫ್ಯಾನ್ ಹಚ್ರಿ. ಅಚ್ಚು ಗಟ್ಟಿ ಆಗೇತಿ, ಈಗ ದೂಳಿನ ಅಂಜಿಕಿ ಇಲ್ಲ. ಉಳಿದ ನೀರನ್ನ ಭಟ್ಟಿಯೊಳಗ 95 ಡಿಗ್ರಿಗೆ ಹಿಡಿದು ತೆಗೀಬೇಕು. 100 ದಾಟಿಸಿದ್ರ ಒಳಗಿನ ನೀರು ಉಗಿ ಆಗಿ ಅಚ್ಚನ್ನ ಒಡಕೊಂಡು ಬರತೈತಿ.

ಇನ್ನೊಂದು. ಒಣಗಿದ ಮ್ಯಾಲ ಹೊರಮೈಗೆ ಕೋಳಿ ಜಾಲರಿ ಸುತ್ತಿ ಬೈಂಡಿಂಗ್ ತಂತಿ ಕಟ್ರಿ. 700 ಡಿಗ್ರಿ ದಾಟಿದ ಪ್ಲಾಸ್ಟರ್‌ದಾಗ ಜೀವ ಭಾಳ ಇರಂಗಿಲ್ಲ, ಸೀಳು ಬಿದ್ರೂ ಜಾಲರಿ ಹಿಡದಿರತೈತಿ.

ಡಬ್ಬಿ_ಕಡ್ಡಿ (ಹಾವೇರಿ)

ನಡುವೆ ಬಂದೆ, ಕ್ಷಮಿಸಿ. ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯನ್ನು ಅದರ ಎಲ್ಲ ಸುಕ್ಕಿನ ಸಮೇತ ಗಾಜಿನಲ್ಲಿ ಎರಕ ಹೊಯ್ಯಬಹುದೇ? ಒಣ ಕಾಯಿಯನ್ನೇ ಅಚ್ಚಿನೊಳಗೆ ಹೂತು ಭಟ್ಟಿಯಲ್ಲಿ ಸುಟ್ಟುಬಿಟ್ಟರೆ ಸಾಕಲ್ಲವೆ?

ಮಣ್ಣಿನ_ಕೈ

ಸುಡಬೇಡಿ. ಬೂದಿ ಅಚ್ಚಿನ ತುದಿಯಲ್ಲೇ ಉಳಿಯುತ್ತದೆ. ಮೆಣಸಿನ ಹೊಗೆಗೆ ಓಣಿಯ ಜನ ಮನೆ ಬಿಟ್ಟು ಹೊರಗೆ ಬರಬೇಕಾಗುತ್ತದೆ. ಅಲ್ಲದೆ ಒಣ ಕಾಯಿ ಹಸಿ ಪ್ಲಾಸ್ಟರಿನಲ್ಲಿ ನೆನೆದು ಉಬ್ಬಿ ಸುಕ್ಕು ಅಳಿಸಿಹೋಗುತ್ತದೆ.

ಮೇಣದ ದಾರಿ ಹಿಡಿಯಿರಿ. ಕಾಯಿಗೆ ತೆಳ್ಳಗೆ ವಾರ್ನಿಷ್ ಹಚ್ಚಿ ಒಣಗಿಸಿ. ದಂತವೈದ್ಯರ ಸಾಮಗ್ರಿ ಮಾರುವಲ್ಲಿ ಆಲ್ಜಿನೇಟ್ ಪುಡಿ ಸಿಗುತ್ತದೆ. ಅದನ್ನು ಪೊಟ್ಟಣದ ಅಳತೆಯಲ್ಲಿ ಕಲಸಿ ಕಾಯಿಯ ಸುತ್ತ ಹೊಯ್ದರೆ ಕೆಲವೇ ನಿಮಿಷಕ್ಕೆ ರಬ್ಬರಿನಂತಾಗುತ್ತದೆ. ಬ್ಲೇಡಿನಿಂದ ಒಂದು ಬದಿ ಸೀಳಿ ಕಾಯಿ ತೆಗೆದು, ಕೂಡಲೇ ಮೇಣ ಹೊಯ್ಯಿರಿ. ಆಲ್ಜಿನೇಟ್ ಅವತ್ತೇ ಕುಗ್ಗತೊಡಗುತ್ತದೆ. ಪ್ಯಾರಾಫಿನ್‌ಗೆ ಕಾಲು ಪಾಲು ಜೇನುಮೇಣ ಸೇರಿಸಿದರೆ ಬಾಲ ಮುರಿಯುವುದಿಲ್ಲ. ಮೇಣವನ್ನು ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ, ನೇರ ಬೆಂಕಿಗೆ ಇಡಬೇಡಿ.

ಮೂಲ ಕಾಯಿಯ ಬಾಲ ಗಾಜಿಗೆ ತೀರ ತೆಳ್ಳಗೆ. ಮೇಣದಲ್ಲಿ ಅದನ್ನು 5–6 ಮಿ.ಮೀ.ಗೆ ದಪ್ಪ ಮಾಡಿ. ತೊಟ್ಟಿನ ಕಡೆ ಕೊಳವೆಯಂತೆ ಅಗಲವಾಗುವ ಮೇಣದ ಬಾಯಿ ಜೋಡಿಸಿ, ಬಾಲ ಕೆಳಗೆ ತೊಟ್ಟು ಮೇಲೆ ಬರುವಂತೆ ನಿಲ್ಲಿಸಿ. ಕಾಯಿ ಬಾಗಿದ್ದರೆ ಬಾಗಿದ ಎತ್ತರದ ಜಾಗದಿಂದ ಮೇಲ್ಮೈವರೆಗೆ 3 ಮಿ.ಮೀ. ಮೇಣದ ಕಡ್ಡಿ ಎಳೆಯಿರಿ. ಅದು ಗಾಳಿ ಹೋಗುವ ದಾರಿ. ಇಲ್ಲದಿದ್ದರೆ ಅಲ್ಲಿ ಗಾಳಿ ಸಿಕ್ಕಿ ಗಾಜು ಬಾಲಕ್ಕೆ ಇಳಿಯುವುದಿಲ್ಲ. ಪ್ಲಾಸ್ಟರ್ ಹೊಯ್ಯುವ ಮೊದಲು ಮೇಣದ ಮೈಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಸವರಿ, ಹದ ಸುಕ್ಕಿನೊಳಗೆ ಹರಿದುಕೊಳ್ಳುತ್ತದೆ.

ಗಾಜಿನ ತೂಕಕ್ಕೆ ಮೇಣದ ಕಾಯಿಯನ್ನು ತೂಗಿ 2.7ರಿಂದ ಗುಣಿಸಿ. 12 ಗ್ರಾಂ ಮೇಣವಾದರೆ ಸುಮಾರು 32 ಗ್ರಾಂ ಗಾಜು. ಬಾಯಿಯ ಭಾಗದಲ್ಲಿ ಸ್ವಲ್ಪ ಗಾಜು ಉಳಿಯಬೇಕು, ಅದಕ್ಕೆ 8–10 ಗ್ರಾಂ ಹೆಚ್ಚು.

ಮೇಣ ತೆಗೆಯುವುದು ಅಚ್ಚು ಇನ್ನೂ ಹಸಿಯಾಗಿರುವಾಗಲೇ. ಹಸಿ ಪ್ಲಾಸ್ಟರ್ ಮೇಣ ಹೀರುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು, ಬಾಯಿ ಕೆಳಗಾಗಿ ಅಚ್ಚು ಬೋರಲು ಹಾಕಿ ಉಗಿಗೆ ಬಿಡಿ. ಮೇಣ ನೀರಿಗೆ ತೊಟ್ಟಿಕ್ಕುತ್ತದೆ. ಕೊನೆಗೆ ಒಳಗೆ ಕುದಿನೀರು ಸುರಿದು ಚೆಲ್ಲಿ, ನೀರಿನ ಮೇಲೆ ಮೇಣದ ಪೊರೆ ಕಾಣದಾಗುವವರೆಗೆ. ಉಳಿದ ಮೇಣ ಭಟ್ಟಿಯಲ್ಲಿ ಹೊಗೆಯಾಡಿ ಗಾಜಿನ ಮೈಯನ್ನು ಬೂದು ಮಾಡುತ್ತದೆ. ಕೆಂಪು ಬಣ್ಣದ ಗಾಜು ಬೇಕಾದರೆ ಹೊಂದುವ ಗಾಜನ್ನೇ ಕೊಳ್ಳಬೇಕು.

ಲಕ್ಕುಂಡಿ_ತಾವರೆ

ಭಟ್ಟಿ ಏರಿಸುವ, ಇಳಿಸುವ ಕ್ರಮ ಯಾರಾದರೂ ಬರೆದುಕೊಡಿ. ನಡುವೆ ಕರೆಂಟ್ ಹೋದರೆ ಏನು ಮಾಡಬೇಕು?

ಭಟ್ಟಿ_ಧಾರವಾಡ

2 ಸೆಂ.ಮೀ. ಫ್ಲೋಟ್ ಬಿಲ್ಲೆಗೆ, ಅಚ್ಚಿನಲ್ಲಿ ಗಾಜು ತುಂಬಿಯೇ ಶುರು ಮಾಡುವುದಾದರೆ:

ತಾಸಿಗೆ 40 ಡಿಗ್ರಿಯಂತೆ 95ಕ್ಕೆ. ಅಲ್ಲಿ 6 ತಾಸು, ಭಟ್ಟಿಯ ಮೇಲಿನ ತೂತು ತೆರೆದಿಟ್ಟು.
ತಾಸಿಗೆ 30ರಂತೆ 180ಕ್ಕೆ. ಅಲ್ಲಿ 3 ತಾಸು. ಇದು ಪ್ಲಾಸ್ಟರ್ ಕಟ್ಟಿಕೊಂಡ ನೀರು ಬಿಡುವ ಜಾಗ. ತೂತಿಗೆ ತಣ್ಣನೆಯ ಕನ್ನಡಿ ತುಂಡು ಹಿಡಿದಾಗ ಹಬೆ ಕೂರದಿದ್ದರೆ ಮುಂದೆ ಹೋಗಿ, ತೂತು ಮುಚ್ಚಿ.
ತಾಸಿಗೆ 60ರಂತೆ 540ಕ್ಕೆ.
ತಾಸಿಗೆ 30ರಂತೆ 610ಕ್ಕೆ. 573ರಲ್ಲಿ ಕ್ವಾರ್ಟ್ಜ್ ರೂಪ ಬದಲಿಸಿ ಹಠಾತ್ತನೆ ಹಿಗ್ಗುತ್ತದೆ. ಅಲ್ಲಿ ಓಡಿಸಿದರೆ ಅಚ್ಚು ಸೀಳುತ್ತದೆ.
ತಾಸಿಗೆ 60ರಂತೆ 670ಕ್ಕೆ, ಅಲ್ಲಿ 1 ತಾಸು.
ತಾಸಿಗೆ 150ರಂತೆ 860ಕ್ಕೆ. ಅಲ್ಲಿ 2 ತಾಸು ಕಳೆದ ಮೇಲೆ ಬಣ್ಣದ ರಕ್ಷಣಾ ಕನ್ನಡಕ ಹಾಕಿ ತೂತಿನಿಂದ ನೋಡಿ. ಗಾಜಿನ ಮೇಲ್ಮೈ ಕನ್ನಡಿಯಂತೆ ಸಮವಾಗಿದ್ದರೆ ಮುಗಿಯಿತು. ಗುಡ್ಡೆ ಕಂಡರೆ ಇನ್ನರ್ಧ ತಾಸು. 870 ದಾಟಿಸಿ ಅವಸರ ಮಾಡಬೇಡಿ, ಅಚ್ಚು ಗಾಜಿಗೆ ಕಚ್ಚಿಕೊಳ್ಳುತ್ತದೆ.

ಇಳಿಸುವುದು: 530ರವರೆಗೆ ಭಟ್ಟಿ ತಾನಾಗಿ ಇಳಿಯುವ ವೇಗದಲ್ಲಿ. 530ರಲ್ಲಿ 6 ತಾಸು. ತಾಸಿಗೆ 7 ಡಿಗ್ರಿಯಂತೆ 470ಕ್ಕೆ. 12ರಂತೆ 410ಕ್ಕೆ. 40ರಂತೆ 60ಕ್ಕೆ. ಆಮೇಲೆ ಆರಿಸಿ, ಕೈಗೆ ಬೆಚ್ಚಗೂ ತಾಗದಾಗ ಮುಚ್ಚಳ ತೆಗೆಯಿರಿ. ಎಲ್ಲ ಸೇರಿ ಎರಡೂವರೆ ದಿನ.

ಇಷ್ಟು ನಿಧಾನ ಏಕೆ ಎಂದರೆ, ಅಚ್ಚಿನೊಳಗಿನ ಬಿಲ್ಲೆ ಮೇಲ್ಗಡೆಯಿಂದ ಮಾತ್ರ ತಣಿಯುತ್ತದೆ, ಕೆಳಗೆ ಪ್ಲಾಸ್ಟರ್ ಕಾವು ಹಿಡಿದಿರುತ್ತದೆ. ಹಾಗಾಗಿ ಅದರ ದಪ್ಪವನ್ನು ಇಮ್ಮಡಿ ಎಂದೇ ಎಣಿಸಬೇಕು. ಬುಲ್ಸ್‌ಐ ತನ್ನ ಗಾಜಿಗೆ ಕೊಟ್ಟಿರುವ ಪಟ್ಟಿ ನೋಡಿ: 12 ಮಿ.ಮೀ.ಗೆ 2 ತಾಸು ಹಿಡಿದು ತಾಸಿಗೆ 55 ಡಿಗ್ರಿ ಇಳಿಸುವುದು, 25 ಮಿ.ಮೀ.ಗೆ 4 ತಾಸು ಹಿಡಿದು 15, 50 ಮಿ.ಮೀ.ಗೆ 8 ತಾಸು ಹಿಡಿದು 3.8. ದಪ್ಪ ಇಮ್ಮಡಿಯಾದಾಗ ಇಳಿಸುವ ವೇಗ ಕಾಲು ಭಾಗಕ್ಕೆ ಬೀಳುತ್ತದೆ. ಅವರ ಗಾಜನ್ನೇ ಬಳಸುವುದಾದರೆ ಹಿಡಿಯುವ ಕಾವು 482, 530 ಅಲ್ಲ. ಎರಕದ ಕಾವೂ 830ರ ಆಸುಪಾಸು ಸಾಕು.

ಎರಕ_ಗೋಕುಲರಸ್ತೆ

ಕರೆಂಟಿನ ಮಾತು. ಹೆಸ್ಕಾಂ ಲೈನ್ ದುರಸ್ತಿ ಇರೋ ದಿನ ಪೇಪರ್‌ನ್ಯಾಗ ಬರತೈತಿ, ಮುಂದಿನ ಮೂರು ದಿನದ್ದು ನೋಡಿ ಭಟ್ಟಿ ಹಚ್ರಿ. ಆದ್ರೂ ಹೋದ್ರ, ಮುಚ್ಚಳ ತೆಗೀಬ್ಯಾಡ್ರಿ, ತೂತು ಮುಚ್ರಿ, ಕಾವು ಬರದಿಟ್ಟಕೋರಿ.

ಏರುವಾಗ ಹೋದ್ರ ದೊಡ್ಡ ನಷ್ಟ ಇಲ್ಲ, ಇದ್ದಲ್ಲಿಂದ ಅದ ವೇಗದಾಗ ಮತ್ತ ಏರಸ್ರಿ. ಇಳಿಯುವಾಗ ಹೋಗಿ, ಬಂದಾಗ ಕಾವು 530ಕ್ಕಿಂತ ಮ್ಯಾಲ ಇದ್ರ ಏನೂ ಆಗಿಲ್ಲ. 530 ಮತ್ತು 410ರ ನಡುವ ಇದ್ರ ತಾಸಿಗೆ 30ರಂಗ ಮತ್ತ 530ಕ್ಕ ಒಯ್ದು ಆರು ತಾಸಿನ ಲೆಕ್ಕ ಮೊದಲಿಂದ ಹಿಡೀರಿ. 410ಕ್ಕಿಂತ ಕೆಳಗ ಹೋಗಿದ್ರೂ ಹಂಗ ಮಾಡ್ರಿ. ಗಾಜು ಸೀಳಿಲ್ಲಂದ್ರ ಮತ್ತೊಮ್ಮೆ ಅನೀಲಿಂಗ್ (530ರಾಗ ಹಿಡಿದು ನಿಧಾನ ತಣಿಸೋದು) ಮಾಡಿದ್ರ ಒತ್ತಡ ಹೋಗತೈತಿ.

ಭಟ್ಟಿ ಖಾಲಿ ಇದ್ದಾಗ ಒಂದ ಸಲ 100 ಡಿಗ್ರಿಗೆ ಹಚ್ಚಿ ಎಂಸಿಬಿ ಕೆಳಗ ಮಾಡಿ ಮತ್ತ ಮ್ಯಾಲ ಮಾಡಿ ನೋಡ್ರಿ. ಕಂಟ್ರೋಲರ್ ಬಿಟ್ಟಲ್ಲಿಂದ ಹಿಡೀತೈತೋ, ನಿಂತಬಿಡತೈತೋ, ಮೊದಲ ಮೆಟ್ಟಲಕ್ಕ ಹೋಗತೈತೋ ಅನ್ನೋದು ಆಗ ಗೊತ್ತಾಗತೈತಿ. ಬಿಟ್ಟಲ್ಲಿಂದ ಹಿಡಿಯೋ ಸೆಟ್ಟಿಂಗ್ ಹೆಚ್ಚಿನ ಕಂಟ್ರೋಲರ್‌ನ್ಯಾಗ ಇರತೈತಿ.

ಜನರೇಟರ್ ಹಾಕೋರಿಗೆ: ಅನೀಲಿಂಗ್ ಹೊತ್ತಿನ್ಯಾಗ ಭಟ್ಟಿ ಸ್ವಲ್ಪ ಹೊತ್ತು ಮಾತ್ರ ಕರೆಂಟ್ ತಿಂತೈತಿ, ಆದ್ರ ತಿನ್ನುವಾಗ ಪೂರ್ತಿ ತಿಂತೈತಿ. 4 ಕಿಲೋವ್ಯಾಟ್ ಭಟ್ಟಿಗೆ 2 ಕಿಲೋವ್ಯಾಟ್ ಜನರೇಟರ್ ಸಾಕು ಅನ್ನಬ್ಯಾಡ್ರಿ.

ಗಾಜಿನಂಗಡಿ

ಹೊರಗ ತೆಗದ ಮ್ಯಾಲ: ಅಚ್ಚು ಬಿಸ್ಕೀಟಿನಂಗ ಮುರೀತೈತಿ. ಮೊದಲ ನೀರು ಚಿಮಕಿಸ್ರಿ, ಮಾಸ್ಕ್ ಹಾಕ್ರಿ, ಮರದ ಕಡ್ಡಿಲೇ ಬಿಡಸ್ರಿ, ಕಬ್ಬಿಣದ ಚಾಕು ಬ್ಯಾಡ. ದಳದ ಸಂದಿಯೊಳಗ ಉಳದ ಬಿಳಿ ಪುಡಿಗೆ ವಿನೆಗರ್ ಹಾಕಿದ ನೀರಾಗ ಒಂದು ರಾತ್ರಿ ಬಿಟ್ಟು ಹಲ್ಲುಜ್ಜೋ ಬ್ರಶ್‌ಲೇ ತಿಕ್ರಿ. ಬೆನ್ನು ಸಮ ಮಾಡಾಕ ಗ್ರಾನೈಟ್ ಪಾಲಿಶಿನವರ ಡೈಮಂಡ್ ಪ್ಯಾಡ್ ನಡೀತಾವ: 100, 200, 400, 800. ಪ್ರತಿ ನಂಬರಿಗೂ ಹಿಂದಿನ ಗೀರು ಪೂರ್ತಿ ಹೋದ ಮ್ಯಾಲ ಮುಂದ ಹೋಗ್ರಿ. ನೀರು ಹರೀತಿರಬೇಕು. ಒಣ ತಿಕ್ಕಿದ್ರ ಬಿಸಿ ಆಗಿ ಸೀಳತೈತಿ, ದೂಳೂ ಕೆಟ್ಟದ್ದು. ಹೊಳಪು ಬೇಕಂದ್ರ ಕೊನಿಗೆ ಫೆಲ್ಟ್ ಮ್ಯಾಲ ಸೀರಿಯಂ ಆಕ್ಸೈಡ್ ಪಾಲಿಶ್ ಪುಡಿ.

ಲಕ್ಕುಂಡಿ_ತಾವರೆ

ಎಲ್ಲವನ್ನೂ ಬರೆದಿಟ್ಟುಕೊಂಡೆ, ಧನ್ಯವಾದ. ಕೊನೆಯದೊಂದು: ಮುರಿದ ಅಚ್ಚಿನ ಪುಡಿ ಮತ್ತೆ ಬಳಸಲು ಬರುತ್ತದೆಯೆ? ಬಕೆಟ್ ತೊಳೆದ ನೀರನ್ನು ಬಚ್ಚಲಿಗೆ ಬಿಡಬಹುದೆ?

ಮಣ್ಣಿನ_ಕೈ

ಬಚ್ಚಲಿಗೆ ಬೇಡ, ಪ್ಲಾಸ್ಟರ್ ಪೈಪಿನೊಳಗೇ ಗಟ್ಟಿಯಾಗುತ್ತದೆ. ಒಂದು ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿನೀರು ಬಗ್ಗಿಸಿ, ತಳದ ಗಟ್ಟಿಯನ್ನು ಚೀಲಕ್ಕೆ ತುಂಬಿ ಎಸೆಯಿರಿ.

ಸುಟ್ಟ ಅಚ್ಚಿನ ತುಣುಕು ಬಳಕೆಗೆ ಬರುತ್ತದೆ, ಹೊರಪದರಕ್ಕೆ ಮಾತ್ರ. ಗಾಜು ಅಂಟಿದ ಭಾಗ ತೆಗೆದುಹಾಕಿ, ಉಳಿದದ್ದನ್ನು ನೀರು ಚಿಮುಕಿಸಿ ಕುಟ್ಟಿ, ಕಡಲೆಕಾಳಿನಷ್ಟು ತುಣುಕು ಮಾಡಿ. ಮುಂದಿನ ಅಚ್ಚಿಗೆ ಒಳಪದರ 1 ಸೆಂ.ಮೀ. ಹೊಸ ಹದದ್ದು. ಅದು ಬಿಗಿಯುತ್ತಿರುವಾಗಲೇ, ಇನ್ನೂ ಹಸಿಯಿರುವಾಗ, ಹೊರಪದರದ ಹದಕ್ಕೆ ಅದರ ಪುಡಿಯ ತೂಕದ ಕಾಲು ಭಾಗದಷ್ಟು ಈ ತುಣುಕು ಬೆರೆಸಿ ಹಾಕಿ. ತುಣುಕನ್ನು ಮೊದಲು ನೀರಿನಲ್ಲಿ ನೆನೆಸಿ ಹಿಂಡಿರಬೇಕು, ಇಲ್ಲವಾದರೆ ಹದದ ನೀರನ್ನು ಅದೇ ಕುಡಿದುಬಿಡುತ್ತದೆ.